ತನ್ನ ದನಿ ಕೇಳದ ಯಂತ್ರ

ಯಂತ್ರಕ್ಕನಿಗೆ ಆ ಹೆಸರು ಹೊಲಿಗೆ ಯಂತ್ರದಿಂದ ಬಂದಿರಬೇಕು ಎಂದು ಹೊಸಬರು ತಿಳಿಯುತ್ತಾರೆ. ಅವರ ತಪ್ಪೇನಿಲ್ಲ. ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಕವರು ಹೊಲಿಯುವ ಶೆಡ್ಡಿನಲ್ಲಿ ಅವಳು ತಲೆ ಕಪ್ಪಗಿದ್ದಾಗ ಕೂತವಳು, ತಲೆ ಬೆಳ್ಳಗಾದರೂ ಎದ್ದಿಲ್ಲ. ದಪ್ಪ ಸೂಜಿಯ ದೊಡ್ಡ ಮಷೀನು, ಪಕ್ಕದಲ್ಲಿ ಸ್ಪಂಜಿನ ರಾಶಿ, ಮೂಗಿನ ತುಂಬ ಅಂಟಿನ ವಾಸನೆ. ಕವರನ್ನು ಒಳಮೈ ಹೊರಗೆ ಮಾಡಿ ಹೊಲಿದು, ಮಗುಚಿ, ಸ್ಪಂಜಿನ ಮೇಲೆ ಎಳೆದು ಕೂರಿಸುವುದಿದೆಯಲ್ಲ, ಅದಕ್ಕೆ ಹೆಬ್ಬೆರಳಲ್ಲಿ ಕಸುವು ಬೇಕು, ಬಾಯಲ್ಲಿ ಬೈಗುಳ ಬೇಕು. ಎರಡಕ್ಕೂ ಅವಳಲ್ಲಿ ಬರ ಇರಲಿಲ್ಲ. ಆದರೆ ಹೆಸರು ಬಂದದ್ದು ಅಲ್ಲಿಂದಲ್ಲ, ರೇಡಿಯೋದಿಂದ.

ಒಂದು ಕಾಲಕ್ಕೆ ವಾರಕ್ಕೊಂದು ಸಂಜೆ ಊರಿಗೆ ಊರೇ ರೇಡಿಯೋ ಮುಂದೆ ಕೂರುತ್ತಿತ್ತು. ‘ನಾಳೆಯ ನೌಕೆ’ ಎಂಬ ಧಾರಾವಾಹಿ. ಭೂಮಿ ಬಿಟ್ಟು ಆಕಾಶಕ್ಕೆ ಹೊರಟ ಒಂದು ಹಡಗು, ಅದರೊಳಗೆ ಕಚ್ಚಾಡುವ ಒಂದಷ್ಟು ಜನ, ಅವರನ್ನೆಲ್ಲ ಸಂಭಾಳಿಸಿಕೊಂಡು ಹಡಗು ನಡೆಸುವ ಒಂದು ಯಂತ್ರ. ಆ ಯಂತ್ರದ ದನಿ ಇವಳದು. ಹಡಗಿನವರು ಏನಾದರೂ ಕೇಳಿದರೆ ಯಂತ್ರ ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಆಮೇಲೆ, ‘ನಿಮ್ಮ ಕೋರಿಕೆ ಸ್ವೀಕರಿಸಲಾಗಿದೆ’ ಎನ್ನುತ್ತಿತ್ತು, ಇಲ್ಲವೇ ‘ತಿರಸ್ಕರಿಸಲಾಗಿದೆ’ ಎನ್ನುತ್ತಿತ್ತು. ಕೇಳುವವರ ಎದೆ ಡವಗುಟ್ಟುತ್ತಿದ್ದುದು ಆ ಸುಮ್ಮನಿರುವ ಹೊತ್ತಿನಲ್ಲೇ.

ಅದನ್ನು ಬರೆಯುತ್ತಿದ್ದವರು ಕಥೆ ಮಾಸ್ತರು. ಹಗಲು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವುದು, ಮಿಕ್ಕ ಹೊತ್ತೆಲ್ಲ ಇನ್ನೂ ಹುಟ್ಟದ ಯಂತ್ರಗಳ ಚಿಂತೆ. ಸ್ಕೂಟರಿನ ಸೀಟು ಹರಿದಿದೆ ಎಂದು ಒಮ್ಮೆ ಶೆಡ್ಡಿಗೆ ಬಂದರು. ಆ ಹೊತ್ತಿಗೆ ಅವಳು, ತೇವ ಹಿಡಿದ ಸ್ಪಂಜು ತಂದು ಹಾಕಿದ ವ್ಯಾಪಾರಿಯ ಜನ್ಮ ಜಾಲಾಡುತ್ತಿದ್ದಳು. ಬೇರೆಯವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ, ಅವಳದು ಇಳಿಯುತ್ತದೆ. ಒಂದೊಂದೇ ಮಾತು, ತಣ್ಣಗೆ, ಸಮವಾಗಿ, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ವ್ಯಾಪಾರಿ ಬೆವರಿಹೋದ. ಮಾಸ್ತರು ಸೀಟಿನ ವಿಷಯ ಮರೆತು, ರೇಡಿಯೋದಲ್ಲಿ ಮಾತಾಡುತ್ತೀಯೇನಮ್ಮ ಎಂದು ಕೇಳಿದರು. ಅಕ್ಕನನ್ನು ಕೇಳಬೇಕು ಎಂದಳು. ಅಕ್ಕ, ಬೈದರೂ ಹೆಸರು ಬರುವ ಕಾಲ ಬಂತಲ್ಲ, ಹೋಗು ಎಂದಳು.

ಅಕ್ಕ ಎಂದರೆ ಒಡಹುಟ್ಟಿದ ಅಕ್ಕ. ತಾಯಿ ಬೇಗ ಹೋದದ್ದರಿಂದ ತಂಗಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಬೆನ್ನಿಗೆ ಗುದ್ದಿ ಬೆಳೆಸಿದವಳು. ಹಾಸಿಗೆ ಅಂಗಡಿಯಲ್ಲಿ ಹತ್ತಿ ಹಿಂಜುವ ಕೆಲಸ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಇವಳು ಅವಳನ್ನು, ಅವಳು ಇವಳನ್ನು ತೋರಿಸಿ, ‘ಇದನ್ನ ಯಾರು ನೋಡ್ಕೋತಾರೆ’ ಎನ್ನುತ್ತಿದ್ದರು. ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಬೆಳಗಾದರೆ ಜಗಳ. ಜಗಳ ಕೇಳಿಸದ ದಿನ ಕೆಳಗಿನ ಮನೆಯವರು ಹತ್ತಿ ಬಂದು, ಎಲ್ಲ ಹುಷಾರಾಗಿದ್ದೀರಾ ಎಂದು ವಿಚಾರಿಸಿ ಹೋಗುತ್ತಿದ್ದರು.

ಮೈಕಿನ ಮುಂದೆ ಕೂತ ಮೊದಲ ದಿನವೇ ತೊಡಕು ಬಂತು. ಅವಳ ಉಸಿರು ಟೇಪಿನಲ್ಲಿ ಕೇಳಿಸುತ್ತಿತ್ತು. ಯಂತ್ರ ಉಸಿರಾಡುವುದುಂಟೆ? ಮಾಸ್ತರು ತಲೆ ಕೆರೆದುಕೊಂಡರು. ಉಪಾಯ ಹೇಳಿದವಳು ಅವಳೇ. ಕವರನ್ನು ಯಾರಾದರೂ ಇಡಿಯಾಗಿ ಹೊಲಿಯುತ್ತಾರಾ, ತುಂಡು ಮಾಡಿ ಜೋಡಿಸುತ್ತಾರೆ, ಮಾತನ್ನೂ ಹಾಗೇ ಮಾಡಿ ಎಂದಳು. ಒಂದೊಂದೇ ಪದ ಹೇಳಿ ಬಾಯಿ ಮುಚ್ಚುತ್ತೇನೆ, ನಡುವಿನ ಉಸಿರನ್ನು ನೀವು ಕತ್ತರಿಸಿ ಬಿಸಾಕಿ ಎಂದಳು. ಟೇಪು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಟೇಪಣ್ಣ ಎನ್ನುತ್ತಿದ್ದರು. ಅವನು ಬ್ಲೇಡು ಹಿಡಿದು ಹಾಗೇ ಮಾಡಿದ. ಕೇಳಿದವರ ಮೈ ಜುಮ್ಮೆಂದಿತು. ವರ್ಷಗಳು ಕಳೆದಂತೆ ಟೇಪಣ್ಣನ ಬೀರುವಿನಲ್ಲಿ ಅವಳ ದನಿ ಬಿಡಿಬಿಡಿಯಾಗಿ ತುಂಬಿಕೊಂಡಿತು. ಊರು, ಕೇರಿ, ನೀರು, ಗಾಳಿ, ಹೌದು, ಇಲ್ಲ, ನಿನ್ನೆ, ನಾಳೆ, ಎಲ್ಲವೂ ಬೇರೆ ಬೇರೆ. ಜೋಡಿಸುವವನಿದ್ದರೆ ಅದರಲ್ಲಿ ಯಾವ ಮಾತು ಬೇಕಾದರೂ ಆಡಿಸಬಹುದಿತ್ತು. ಅವಳು ಅದನ್ನು ಎದುರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು.

ಇನ್ನೊಂದು ತೊಡಕೂ ಇತ್ತು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಅವಳ ಮಾತು ಅವಳಿಗೇ ಒಂದು ಚಿಟಿಕೆ ತಡವಾಗಿ ವಾಪಸು ಬರುತ್ತಿತ್ತು. ನನ್ನ ದನಿ ನನಗೇ ಕೇಳಿಸಬೇಡಿ, ತಲೆ ಕೆಡುತ್ತದೆ ಎಂದು ಅವಳು ರೇಗಿದಳು. ಮಾಸ್ತರು ಅದನ್ನೇ ಒಂದು ಕಂತು ಮಾಡಿದರು. ಯಾವುದೋ ಗ್ರಹದ ಕಣಿವೆಯಲ್ಲಿ ಯಂತ್ರಕ್ಕೆ ತನ್ನ ಮಾತಿನ ಮಾರ್ದನಿ ಕೇಳುತ್ತದೆ. ಅದನ್ನು ಹಡಗಿನವರ ಅಪ್ಪಣೆ ಎಂದುಕೊಂಡು ತನಗೆ ತಾನೇ ಉತ್ತರ ಕೊಡುತ್ತ, ತನ್ನ ಅಪ್ಪಣೆ ತಾನೇ ಪಾಲಿಸುತ್ತ ಹಡಗನ್ನು ಬಂಡೆಗೆ ಬಡಿಯಲು ಹೋಗುತ್ತದೆ. ಕೊನೆಗೆ ಹಡಗಿನ ಮೆಕ್ಯಾನಿಕ್ಕು ಅದರೊಳಗೆ ಒಂದು ಕಟ್ಟು ಬಿಗಿಯುತ್ತಾನೆ: ಇನ್ನು ಮುಂದೆ ಈ ಯಂತ್ರದ ಕಿವಿಗೆ ಇದರ ದನಿ ಬೀಳಬಾರದು. ಆ ಕಂತು ಕೇಳಿ ಜನ ರೇಡಿಯೋಗೆ ಪತ್ರ ಬರೆದದ್ದೇ ಬರೆದದ್ದು. ಅವತ್ತು ಸ್ಟುಡಿಯೋದ ಮೇಜಿನ ಕೆಳಗೆ ಕೂತು ಕೇಳುತ್ತಿದ್ದ ಟೇಪಣ್ಣನ ಮಗ, ಮೂಗು ಸುರಿಸುವ ಪೋರ, ಅಪ್ಪನ ಪ್ಯಾಂಟು ಎಳೆದು ಯಂತ್ರ ಸತ್ತುಹೋಯಿತಾ ಎಂದು ಅತ್ತನಂತೆ.

ಧಾರಾವಾಹಿ ನಿಂತಿತು. ಮಾಸ್ತರು ತೀರಿಕೊಂಡರು, ಟೇಪಣ್ಣನೂ ಹೋದ. ಮಾಸ್ತರು ಬರೆದ ನಾಳೆಯ ಪೈಕಿ ಏನೇನು ಬಂತು ಎಂದು ಕೇಳಿದರೆ, ಹಾರುವ ಕುರ್ಚಿ ಬರಲಿಲ್ಲ, ಚಂದ್ರನ ಮೇಲೆ ಬೇಸಾಯ ಬರಲಿಲ್ಲ, ಕಾಯಿಲೆ ಕಳೆಯುವ ಗುಳಿಗೆಯೂ ಬರಲಿಲ್ಲ. ಬಂದದ್ದು ‘ಇಲ್ಲ’ ಎಂದು ಹೇಳುವ ಯಂತ್ರ ಮಾತ್ರ. ಮೊದಲು ಗುಮಾಸ್ತರು ಮುಖ ಗಂಟಿಕ್ಕಿಕೊಂಡು ಇಲ್ಲ ಎನ್ನುತ್ತಿದ್ದರು, ಬೈಯಲಿಕ್ಕಾದರೂ ಒಂದು ಮುಖ ಇರುತ್ತಿತ್ತು. ಈಗ ಮರ್ಯಾದೆಯಾಗಿ, ಬಹುವಚನದಲ್ಲಿ ಇಲ್ಲ ಎನ್ನುವ ಯಂತ್ರವನ್ನು ಸರ್ಕಾರಿ ಕಚೇರಿಗಳೆಲ್ಲ ಫೋನಿಗೆ ಕೂರಿಸಿದವು. ಪಿಂಚಣಿಯಿರಲಿ, ನೀರಿನ ನಲ್ಲಿಯಿರಲಿ, ಆಸ್ಪತ್ರೆಯಿರಲಿ, ಫೋನು ಮಾಡಬೇಕು, ಅದು ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಬೇಕು, ಅದು ಕೊಟ್ಟ ತೀರ್ಪು ಕೇಳಿಕೊಂಡು ಫೋನಿಡಬೇಕು. ಈ ಭಾಗ್ಯಕ್ಕೆ ಮನುಷ್ಯ ಆಕಾಶದ ಕಡೆ ಕತ್ತೆತ್ತಿ ನೋಡಬೇಕಾಗಿತ್ತೇ?

ಆ ಯಂತ್ರದ ದನಿ ಯಂತ್ರಕ್ಕನದು ಎಂದು ಮೊದಲು ಕಂಡುಹಿಡಿದವಳು ಕೆಳಮನೆಯ ಇಸ್ತ್ರಿಯವಳು. ನೆಲಮಹಡಿಯಲ್ಲಿ ಬೀದಿಗೆ ಬಾಗಿಲಿರುವ ಕೋಣೆ, ಉದ್ದನೆಯ ಮೇಜು, ಮೇಲೆ ಮಡಚಿದ ಕಂಬಳಿ, ಭಾರದ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ರೇಡಿಯೋ. ಚಿಕ್ಕಂದಿನಲ್ಲಿ ಧಾರಾವಾಹಿಯ ಒಂದು ಕಂತೂ ತಪ್ಪಿಸಿದವಳಲ್ಲ. ಗಂಡ ಸತ್ತ ಮೇಲೆ ಬರಬೇಕಾದ ಪಿಂಚಣಿಗೆ ಫೋನು ಮಾಡಿದ್ದಳು. ದನಿ ಕೇಳಿದ್ದೇ ಮೆಟ್ಟಿಲು ಹತ್ತಿ ಓಡಿ ಬಂದಳು. ನಿಮ್ಮ ದನಿ ಕೇಳಿ ಧೈರ್ಯ ಬಂತು ಅಕ್ಕ, ಇನ್ನು ನನ್ನ ಕೆಲಸ ಆದ ಹಾಗೇ ಎಂದಳು.

ಯಂತ್ರಕ್ಕನಿಗೆ ಸಿಟ್ಟು ಬರಬೇಕಿತ್ತು. ಅವಳನ್ನು ಒಂದು ಮಾತು ಕೇಳದೆ ಅವಳ ದನಿ ತೆಗೆದುಕೊಂಡು ಹೋಗಿದ್ದರಲ್ಲ. ಸಿಟ್ಟು ಬರಲಿಲ್ಲ. ಅವಳು ಹಿಗ್ಗಿ ಹೀರೇಕಾಯಿಯಾದಳು. ಕಟ್ಟಡದ ಬಾಗಿಲು ಬಾಗಿಲಿಗೂ ಹೋಗಿ, ಅದು ನನ್ನದೇ, ಬೇಕಾದರೆ ಕೇಳಿ ಎಂದು ಫೋನು ಹಿಡಿದು ಕೇಳಿಸಿದಳು. ಶೆಡ್ಡಿನಲ್ಲಿ ಯಜಮಾನನಿಗೂ ಕೇಳಿಸಿದಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ, ಎಲ್ಲೋ ಕೇಳಿದ ದನಿ ಎಂದು ಜನ ಸುಮ್ಮನಾಗುತ್ತಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಯಾಕೆಂದರೆ ಯಂತ್ರ ತೀರ್ಪು ಕೊಡಲು ಶುರುಮಾಡಿತು. ಇಸ್ತ್ರಿಯವಳ ಪಿಂಚಣಿ ತಿರಸ್ಕರಿಸಲಾಗಿದೆ. ಮೂರನೆಯ ಮಹಡಿಯವರ ನೀರಿನ ನಲ್ಲಿ ತಿರಸ್ಕರಿಸಲಾಗಿದೆ. ಎದುರು ಮನೆ ಮುದುಕನ ಕಣ್ಣಿನ ಆಪರೇಷನ್ನು, ಕಾಯಿರಿ. ಇಸ್ತ್ರಿಯವಳು ಎರಡನೆಯ ಸಲ ಮೆಟ್ಟಿಲು ಹತ್ತಿದಾಗ ಓಡಿ ಬರಲಿಲ್ಲ, ನಿಂತು ನಿಂತು ಬಂದಳು. ಗಂಡನ ಸಾವು ಸಾಬೀತಾಗಿಲ್ಲ ಅಂತಿದೆ ಅಕ್ಕ, ಏನು ಮಾಡಲಿ ಎಂದು ಕೇಳಿದಳು. ಪಾಪ, ಆ ದನಿಯ ಒಡತಿಯಲ್ಲವೇ, ಒಂದು ಮಾತು ಹೇಳಿಯಾಳು ಎಂದು ಅವಳ ಆಸೆ. ಯಂತ್ರಕ್ಕ ಕವರಿನ ಅಂಚು ಬಿಚ್ಚುತ್ತ ತಲೆಯೆತ್ತದೆ, ‘ಯಂತ್ರ ಸುಮ್ಮಸುಮ್ಮನೆ ಇಲ್ಲ ಅನ್ನಲ್ಲ. ನೀನೇ ಏನೋ ತಪ್ಪು ಹೇಳಿರ್ಬೇಕು’ ಎಂದಳು. ಅದೇ ದನಿಯಲ್ಲಿ, ಅದೇ ಅಳತೆಯಲ್ಲಿ. ಇಸ್ತ್ರಿಯವಳು ಕೆಳಗಿಳಿದು ಹೋದಳು.

ಅಲ್ಲಿಂದ ಕಟ್ಟಡಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಒಣಹಾಕಿದ ಸೀರೆ ಕೆಳಗಿನ ಕೆಸರಿನಲ್ಲಿ ಬಿದ್ದಿರುತ್ತಿತ್ತು. ಬಾಗಿಲ ಹಿಡಿಗೆ ಯಾರೋ ಗ್ರೀಸು ಮೆತ್ತಿದರು. ಮೆಟ್ಟಿಲಲ್ಲಿ ಎದುರಾದವರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅವಳು ಅಂಗಡಿಯಲ್ಲಿ ಸಕ್ಕರೆ ಕೇಳಿದರೆ, ನಿಮ್ಮ ಕೋರಿಕೆ ತಿರಸ್ಕರಿಸಲಾಗಿದೆ ಎಂದು ಅಂಗಡಿಯವನೇ ಹಲ್ಲು ಕಿರಿಯುತ್ತಿದ್ದ. ಅವಳೇನು ಕಡಿಮೆಯವಳೇ? ಒಂದಕ್ಕೆ ಎರಡು ಕೊಟ್ಟು ಬಂದಳು. ನಿಮ್ಮಂಥವರಿಗೆ ಸಿಗದಿದ್ದದ್ದೇ ಸರಿ ಎಂದು ಮೆಟ್ಟಿಲ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಶೆಡ್ಡಿನಲ್ಲಿ ಜೊತೆಯ ಹೆಂಗಸರು ಊಟದ ಹೊತ್ತಿಗೆ ಅವಳಿಂದ ದೂರ ಸರಿದು ಕೂತರು. ಅವಳು ಅವರ ಕಡೆ ಬೆನ್ನು ತಿರುಗಿಸಿ ಡಬ್ಬಿ ಬಿಚ್ಚಿದಳು. ಸೋಲುವ ಜಾತಿಯಲ್ಲ ಅವಳದು.

ಅಕ್ಕನಿಗೆ ಮಾತ್ರ ಇದು ಸರಿಬರಲಿಲ್ಲ. ಅಷ್ಟು ವರ್ಷ ಹಿಂಜಿದ ಹತ್ತಿಯ ಧೂಳು ಅಕ್ಕನ ಎದೆಯಲ್ಲಿ ಕೂತುಬಿಟ್ಟಿತ್ತು. ಈಗ ಹಾಸಿಗೆ ಹಿಡಿದಿದ್ದಳು. ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರು, ಮೂಗಿಗೆ ನಳಿಕೆ. ನಾಲ್ಕು ಮಾತಾಡಿದರೆ ಐದನೆಯದಕ್ಕೆ ಉಸಿರು ಸಾಲದು. ಇದ್ದ ಉಸಿರಿನಲ್ಲೇ, ಇಸ್ತ್ರಿಯವಳ ಹತ್ತಿರ ಹೋಗಿ ತಪ್ಪಾಯ್ತು ಅನ್ನು ಎಂದು ತಂಗಿಗೆ ಹೇಳುತ್ತಿದ್ದಳು. ತಪ್ಪು ನನ್ನದಲ್ಲ ಎನ್ನುತ್ತಿದ್ದಳು ತಂಗಿ. ತಲೆದಿಂಬು ಸರಿಮಾಡಿ, ಬಾಯಿಗೆ ಗಂಜಿ ಹಿಡಿದು, ಬಾಯಿ ಒರೆಸಿ, ಆಮೇಲೆ ಜಗಳಕ್ಕೆ ಕೂರುತ್ತಿದ್ದಳು.

ಸಿಲಿಂಡರು ಕೊಡುತ್ತಿದ್ದುದು ಆರೋಗ್ಯ ಕಚೇರಿ. ಮೊದಲು ಅಲ್ಲಿಯ ಗುಮಾಸ್ತೆ ಮುಖ ನೋಡಿಯೇ ಚೀಟಿ ಬರೆದುಕೊಡುತ್ತಿದ್ದಳು. ಒಂದು ದಿನ ಅವಳ ಕುರ್ಚಿಯೂ ಖಾಲಿಯಾಯಿತು. ಇನ್ನು ಮೇಲೆ ರೋಗಿಯ ಮನೆಯವರು ಫೋನಿನಲ್ಲಿ ಕೇಳಿದರೆ ಮಾತ್ರ ಸಿಲಿಂಡರು ಎಂದು ಕಾವಲಿನವನು ಹೇಳಿ ಕಳಿಸಿದ. ಯಂತ್ರಕ್ಕ ನಕ್ಕಳು. ಊರಿಗೆಲ್ಲ ಕಷ್ಟವಾದರೆ ಆಗಲಿ, ನನಗೇನು, ನನ್ನದೇ ದನಿ ಎಂದಳು.

ಮರುದಿನ ಬೆಳಗ್ಗೆ ಸಿಲಿಂಡರಿನ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆ ವಾಲಿತ್ತು. ಅವಳು ಫೋನು ಮಾಡಿದಳು. ನಮಸ್ಕಾರ, ನಿಮಗೇನು ಬೇಕು ಎಂದು ಅವಳ ದನಿ ಅವಳನ್ನು ಕೇಳಿತು. ಸಿಲಿಂಡರು ಬೇಕು ಎಂದಳು. ಆ ಕಡೆ ಸುಮ್ಮನಾಯಿತು. ಆಮೇಲೆ, ‘ನನಗೆ ಏನೂ ಕೇಳಿಸುತ್ತಿಲ್ಲ. ದಯವಿಟ್ಟು ಮಾತಾಡಿ’ ಎಂದಿತು. ಅವಳು ಜೋರಾಗಿ ಹೇಳಿದಳು. ದಯವಿಟ್ಟು ಮಾತಾಡಿ ಎಂದಿತು. ಗಂಟಲು ಹರಿಯುವಂತೆ ಕೂಗಿದಳು, ಪಿಸುಗುಟ್ಟಿದಳು, ಮೂಗು ಹಿಡಿದುಕೊಂಡು ಹೇಳಿದಳು. ಕೊನೆಗೆ ಅದರ ಏಳು ತಲೆಮಾರನ್ನೂ ಬಿಡದೆ ಬೈದಳು. ಅದು ಅಷ್ಟನ್ನೂ ತಣ್ಣಗೆ ಕೇಳದೆ ಇದ್ದು, ಧನ್ಯವಾದ ಹೇಳಿ ಫೋನಿಟ್ಟಿತು.

ಯಂತ್ರ ಕೂರಿಸಿದ ಕಂಪನಿಯ ಕಚೇರಿ ಬಸ್ಸಿನಲ್ಲಿ ಹೋಗುವಷ್ಟು ದೂರ. ಹೋದಳು. ಒಳಗಿಂದ ಬಂದವನು ಟೇಪಣ್ಣನ ಮಗ. ದೊಡ್ಡ ಹುದ್ದೆ, ಇಸ್ತ್ರಿ ಮಾಡಿದ ಅಂಗಿ. ಅವಳನ್ನು ಕಂಡು ಅವನ ಕಣ್ಣಲ್ಲಿ ನೀರೇ ಬಂತು. ಅಪ್ಪನ ಬೀರುವಿನ ಟೇಪುಗಳನ್ನೆಲ್ಲ ತಂದು ಈ ಯಂತ್ರಕ್ಕೆ ಕೊಟ್ಟವನು ತಾನೇ ಎಂದ. ಚಿಕ್ಕಂದಿನಲ್ಲಿ ನಾನು ದೇವರನ್ನ ನಂಬಿರಲಿಲ್ಲ ಆಂಟಿ, ನಿಮ್ಮ ಯಂತ್ರವನ್ನ ನಂಬಿದ್ದೆ ಎಂದ. ಬೇರೆ ದನಿ ಹಾಕಿ ನೋಡಿದ್ದರಂತೆ, ಜನ ಬೈದು ಫೋನಿಡುತ್ತಿದ್ದರಂತೆ. ಈ ದನಿ ‘ಇಲ್ಲ’ ಎಂದರೆ ಮಾತ್ರ ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದರಂತೆ. ಇದನ್ನು ಅವನು ಹೊಗಳಿಕೆ ಎಂದೇ ಹೇಳಿದ. ಅವಳು ಹಲ್ಲು ಕಚ್ಚಿ ಕೇಳಿಸಿಕೊಂಡು, ಅದು ನನ್ನ ಮಾತು ಯಾಕೆ ಕೇಳಲ್ಲ ಎಂದಳು.

ಅವನು ಹಣೆ ಬಡಿದುಕೊಂಡು, ಆಮೇಲೆ ನಕ್ಕ. ಫೋನಿನಲ್ಲಿ ಯಂತ್ರದ ಮಾತು ಯಂತ್ರಕ್ಕೇ ವಾಪಸು ಬಂದು ಗೋಳಾಗುತ್ತಿತ್ತು. ಆಗ ಅವನಿಗೆ ಆ ಕಣಿವೆಯ ಕಂತು ನೆನಪಾಯಿತಂತೆ. ಅದರಲ್ಲಿ ಮೆಕ್ಯಾನಿಕ್ಕು ಮಾಡಿದ್ದನ್ನೇ ಮಾಡಿದ. ಯಂತ್ರದ ದನಿ ಯಂತ್ರದ ಕಿವಿಗೆ ಬಿದ್ದರೆ, ಅದು ಆ ದನಿಯನ್ನು ಇಲ್ಲವೆಂದೇ ತಿಳಿಯುತ್ತದೆ. ಪಕ್ಕದಲ್ಲಿ ನಿಂತು ನೀವು ಒಂದು ಮಾತಾಡಿದರೂ ಸಾಕು, ಕಿವಿ ಮುಚ್ಚಿಕೊಂಡು ಫೋನಿಟ್ಟುಬಿಡುತ್ತದೆ ಆಂಟಿ ಎಂದ. ದನಿಯ ಒಡತಿ ಇನ್ನೂ ಬದುಕಿದ್ದಾಳೆ, ಒಂದು ದಿನ ಫೋನು ಮಾಡಿಯಾಳು ಎಂಬುದು ಇಡೀ ಕಂಪನಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

‘ಬಿಚ್ಚು ಆ ಕಟ್ಟನ್ನ’ ಎಂದಳು.

‘ಮುಂದಿನ ಸಲ ಬದಲಾಯಿಸುವಾಗ ನೋಡ್ತೀವಿ ಆಂಟಿ. ಊರಲ್ಲಿ ತೊಂದರೆ ಆಗಿರೋದು ನಿಮಗೊಬ್ಬರಿಗೇ ತಾನೇ?’

ಅವನೇ ಫೋನು ಮಾಡಿ ಸಿಲಿಂಡರು ಕೇಳಲಿ ಎಂದಳು. ಕಂಪನಿಯವರ ದನಿ ಅದಕ್ಕೆ ಗೊತ್ತು, ನಮ್ಮ ಕೋರಿಕೆ ಅದು ತೆಗೆದುಕೊಳ್ಳುವುದಿಲ್ಲ ಎಂದ. ದಾರಿಯಲ್ಲಿ ಹೋಗುವವರನ್ನು ಯಾರನ್ನಾದರೂ ಕರೆಯಲೇ ಎಂದಳು. ಅದೂ ಆಗದು. ಒಮ್ಮೆ ಮಾತಾಡಿದವರ ದನಿಯನ್ನೇ ಅದು ಮನೆಯವರದೆಂದು ನೆನಪಿಡುತ್ತದೆ, ಸಿಲಿಂಡರು ತಂದವನ ಮುಂದೆ ಪ್ರತಿ ಸಲ ಅದೇ ದನಿ ಮಾತಾಡಬೇಕು. ಹತ್ತಿರದಲ್ಲೇ ಇರುವ, ದಿನವೂ ಸಿಗುವ ಯಾರಾದರೂ ಇಲ್ಲವೇ, ನೆಂಟರು, ಅಕ್ಕಪಕ್ಕದವರು ಎಂದು ಅವನು ಕೇಳಿದ. ಹೋಗುವಾಗ ಅವಳ ಜೊತೆ ನಿಂತು ಒಂದು ಫೋಟೋ ತೆಗೆದುಕೊಳ್ಳಲೇ ಎಂದೂ ಕೇಳಿದ. ಅವಳು ಅವನ ಮುಖಕ್ಕೆ ಉಗಿಯಲಿಲ್ಲ. ಬಾಯಿ ಒಣಗಿತ್ತು.

ಮನೆಗೆ ಬಂದಾಗ ಮುಳ್ಳು ಕೆಂಪಿನೊಳಗೆ ಇಳಿದಿತ್ತು. ಅಕ್ಕ ತಾನೇ ಮಾತಾಡುತ್ತೇನೆ ಎಂದು ಕೈಸನ್ನೆ ಮಾಡಿದಳು. ಫೋನು ಹಿಡಿದಳು. ಸಿಲಿಂ, ಎಂದು ನಿಲ್ಲಿಸಿ ಉಸಿರೆಳೆದಳು. ಡರು, ಎಂದು ಕೆಮ್ಮಿದಳು. ಸ್ಪಷ್ಟವಾಗಿ ಮಾತಾಡಿ ಎಂದಿತು ಯಂತ್ರ. ಅಕ್ಕ ಮತ್ತೆ ಹೇಳಿದಳು, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಹೇಳಿದಳು. ನಿಮ್ಮ ಮಾತು ಅರ್ಥವಾಗಲಿಲ್ಲ ಎಂದಿತು. ಅಕ್ಕನ ತುಟಿ ನೀಲಿಯಾಗುವುದನ್ನು ಕಂಡು ತಂಗಿ ಫೋನು ಕಿತ್ತುಕೊಂಡಳು. ತನ್ನದೇ ದನಿ ಅಕ್ಕನನ್ನು ಹಾಗೆ ಸತಾಯಿಸುವುದನ್ನು ಕೇಳಲಾರದೆ ಫೋನಿಟ್ಟಳು. ಅಕ್ಕ ಮಾತಾಡಲಾರದೆ ಬೆರಳಿನಿಂದ ನೆಲ ತೋರಿಸಿದಳು. ಕೆಳಗೆ ಹೋಗು ಎಂದು.

ಎದುರು ಮನೆಯವರ ಬಾಗಿಲು ಬಡಿದಳು, ತೆರೆಯಲಿಲ್ಲ. ಮೂರನೆಯ ಮಹಡಿಯವಳು ಕಿಟಕಿಯಿಂದ ನೋಡಿ ಪರದೆ ಎಳೆದಳು. ಕೆಳಗಿಳಿದಳು. ಇಸ್ತ್ರಿಯವಳು ಬಿಳಿ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದಳು. ಇಬ್ಬರು ಗಿರಾಕಿಗಳು ಬಟ್ಟೆಗೆ ಕಾದು ನಿಂತಿದ್ದರು. ಯಂತ್ರಕ್ಕ ಬಾಗಿಲಲ್ಲೇ ನಿಂತು ವಿಷಯ ಹೇಳಿದಳು. ಇಸ್ತ್ರಿಯವಳು ಕಾಲರು ಮುಗಿಸಿದಳು, ತೋಳು ಮುಗಿಸಿದಳು, ಅಂಗಿ ಮಡಚಿ ಪಕ್ಕಕ್ಕಿಟ್ಟಳು. ಹಿಂದೆ ‘ಅಕ್ಕ’, ‘ನೀವು’ ಎನ್ನುತ್ತಿದ್ದವಳು ಈಗ ಏಕವಚನಕ್ಕೆ ಇಳಿದಿದ್ದಳು.

‘ನಾನು ಮೇಲೆ ಬಂದು ಕೇಳ್ದಾಗ ಏನಂದೆ, ಅದನ್ನ ಇವರ ಮುಂದೆ ಹೇಳು.’

ಯಂತ್ರಕ್ಕ ಗಿರಾಕಿಗಳನ್ನು ನೋಡಿದಳು. ‘ಯಂತ್ರ ಸುಮ್ಮಸುಮ್ಮನೆ ಇಲ್ಲ ಅನ್ನಲ್ಲ ಅಂದೆ.’

‘ಇನ್ನೂ ಅಂದೆ.’

‘ನೀನೇ ತಪ್ಪು ಹೇಳಿರ್ಬೇಕು ಅಂದೆ.’

‘ನನ್ನ ಗಂಡ ಸತ್ತಿದ್ದನ್ನ ನಾನು ತಪ್ಪು ಹೇಳಿದ್ನಾ?’

‘ಇಲ್ಲ’ ಎಂದಳು ಯಂತ್ರಕ್ಕ. ಅವಳ ದನಿ ಆ ಹೊತ್ತಿಗೆ ಯಾವ ಅಳತೆಗೂ ಸಿಗದಂತೆ ಒಡೆದುಹೋಗಿತ್ತು. ‘ನನ್ನದು ತಪ್ಪು. ಕಾಲು ಹಿಡ್ಕೋ ಅಂದ್ರೆ ಹಿಡ್ಕೋತೀನಿ. ಮೇಲೆ ನಮ್ಮಕ್ಕನಿಗೆ ಉಸಿರಿಲ್ಲ.’

ಇಸ್ತ್ರಿಯವಳು ಪೆಟ್ಟಿಗೆಯ ತಂತಿ ಕಿತ್ತು, ಕೈ ಒರೆಸಿಕೊಂಡು, ಗಿರಾಕಿಗಳಿಗೆ ನಿಲ್ಲಲು ಹೇಳಿದಳು. ಮೆಟ್ಟಿಲು ಹತ್ತುವಾಗ ಹಿಂತಿರುಗಿ, ‘ನಿನಗೋಸ್ಕರ ಬರ್ತಿಲ್ಲ, ತಿಳ್ಕೋ’ ಎಂದಳು. ನನಗೆ ಗೊತ್ತು ಎಂದಳು ಯಂತ್ರಕ್ಕ.

ಫೋನು ಮಾಡಿದರು. ಯಂತ್ರಕ್ಕ ತಾನೇ ತನ್ನ ಬಾಯಿಗೆ ಅಂಗೈ ಒತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಇಸ್ತ್ರಿಯವಳು ಒಂದೊಂದಕ್ಕೂ ಉತ್ತರ ಹೇಳಿದಳು: ರೋಗ ಏನು, ಮನೆ ಎಲ್ಲಿ, ಸಿಲಿಂಡರು ಯಾವ ಅಳತೆಯದು. ಅವಳಿಗೆ ಗೊತ್ತಿಲ್ಲದ್ದನ್ನು ಅಕ್ಕ ಕೈಬೆರಳಲ್ಲಿ ತೋರಿಸಿದಳು. ಕೊನೆಗೆ ಯಂತ್ರ, ‘ರೋಗಿಗೆ ನೀವು ಏನಾಗಬೇಕು?’ ಎಂದು ಕೇಳಿತು. ಇಸ್ತ್ರಿಯವಳು ಗೋಡೆಯ ಕಡೆ ಒಮ್ಮೆ ನೋಡಿದಳು. ‘ತಂಗಿ’ ಎಂದಳು. ಬೇರೆ ಯಾರಾದರೂ ಮನೆಯವರು ಇದ್ದಾರೆಯೇ ಎಂದು ಕೇಳಿತು. ಯಾರೂ ಇಲ್ಲ ಎಂದಳು. ಯಂತ್ರ ಸ್ವಲ್ಪ ಹೊತ್ತು ಸುಮ್ಮನಿತ್ತು. ಕೋರಿಕೆ ಸ್ವೀಕರಿಸಲಾಗಿದೆ ಎಂದಿತು.

ಸಿಲಿಂಡರಿನವನು ಬರುವಷ್ಟರಲ್ಲಿ ಅಕ್ಕ ಕಣ್ಣು ಮುಚ್ಚಿಬಿಟ್ಟಿದ್ದಳು. ಎದೆ ಮಾತ್ರ ಕಿತ್ತುಕೊಂಡು ಏಳುತ್ತಿತ್ತು. ಇಬ್ಬರು ಹೆಂಗಸರು ಆಚೆ ಈಚೆ ಕೂತು ಆ ಎದೆಯನ್ನೇ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಂದವನು ಹೊಸಬ, ಭಾರ ಇಳಿಸಿ, ಏದುಸಿರು ಬಿಡುತ್ತ ಫೋನು ತೆಗೆದು ಎದುರು ಹಿಡಿದ. ಹಸಿರು ಚುಕ್ಕೆ ಉರಿಯಿತು. ಇದು ಉರಿಯುತ್ತಿರುವ ತನಕ ಯಂತ್ರ ಕೇಳಿಸಿಕೊಳ್ಳುತ್ತಿರುತ್ತದೆ, ತಂಗಿಯವರು ಮಾತಾಡಿ ಎಂದ. ನಾನೇ ತಂಗಿ, ಅಕ್ಕನಿಗೆ ಸಿಲಿಂಡರು ಬಂತು ಎಂದಳು ಇಸ್ತ್ರಿಯವಳು. ಅವನು ಯಂತ್ರಕ್ಕನ ಕಡೆ ಗದ್ದ ಎತ್ತಿ, ಮತ್ತೆ ಇವರು ಎಂದು ಕೇಳಿದ.

ಇಸ್ತ್ರಿಯವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ‘ಮೂಗಿ. ನಮ್ಮನೇಲೇ ಬಿದ್ದಿರ್ತಾಳೆ.’

ಯಂತ್ರಕ್ಕ ಹೌದೆಂದು ತಲೆಯಾಡಿಸಿದಳು. ಅವನು ಬಗ್ಗಿ ಹಳೆಯದರಿಂದ ನಳಿಕೆ ಬಿಡಿಸಿ ಹೊಸದಕ್ಕೆ ಸಿಕ್ಕಿಸಿ, ತಿರುಪು ತಿರುಗಿಸಿದ. ಸುಂಯ್ ಎಂದು ಗಾಳಿ ಬಂತು. ನಿಧಾನವಾಗಿ ಅಕ್ಕನ ತುಟಿಯ ನೀಲಿ ಇಳಿಯಿತು. ಎದೆಯ ಓಟ ತಗ್ಗಿತು. ಕಣ್ಣು ಬಿಟ್ಟಳು. ಬಾಗಿಲ ಬಳಿಯ ಗಂಡಸನ್ನು ನೋಡಿದಳು, ಅವನ ಕೈಯಲ್ಲಿನ್ನೂ ಉರಿಯುತ್ತಿದ್ದ ಹಸಿರು ಚುಕ್ಕೆಯನ್ನು ನೋಡಿದಳು. ಎಲ್ಲ ಅವಳಿಗೆ ಅರ್ಥವಾಯಿತು.

‘ತಂಗೀ’ ಎಂದಳು. ‘ನೀರು.’

ಹುಟ್ಟಿದಾಗಿನಿಂದ ಆ ಕರೆಗೆ ಓಗೊಟ್ಟ ಯಂತ್ರಕ್ಕ ಆಗಲೇ ಲೋಟ ಕೈಗೆತ್ತಿಕೊಂಡಿದ್ದಳು. ಹೆಜ್ಜೆಯನ್ನೂ ಇಟ್ಟಿದ್ದಳು. ಆದರೆ ಅಕ್ಕನ ಕಣ್ಣು ಅವಳ ಮೇಲಿರಲಿಲ್ಲ. ಇಸ್ತ್ರಿಯವಳ ಮೇಲಿತ್ತು, ಅಲ್ಲಿಂದ ಕದಲಲಿಲ್ಲ. ಯಂತ್ರಕ್ಕ ನಿಂತಳು. ಲೋಟವನ್ನು ಇಸ್ತ್ರಿಯವಳ ಕೈಗೆ ಕೊಟ್ಟಳು. ಇಸ್ತ್ರಿಯವಳು ಅಕ್ಕನ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ಸ್ವಲ್ಪ ಸ್ವಲ್ಪವೇ ಕುಡಿಸಿದಳು.

‘ಸಾಕಾ ಅಕ್ಕ?’

‘ಸಾಕು ತಂಗಿ.’

ಯಂತ್ರಕ್ಕ ಖಾಲಿ ಲೋಟ ಇಸಿದುಕೊಂಡು ಅಡುಗೆಮನೆಗೆ ಹೋದಳು. ಸಿಲಿಂಡರಿನವನು ಹೊರಟುಹೋಗುವವರೆಗೂ ಹೊರಗೆ ಬರಲಿಲ್ಲ.